ತಂಗಿಯ ಕೈಗೆ ಕೈ ಕೊಟ್ಟಾಗ

ಪ್ರಶ್ನೆ: ಮೇಡಂ, ನನಗೆ ಈಗ 61 ವರ್ಷ. ಬ್ಯಾಂಕಿನಲ್ಲಿದ್ದು ನಿವೃತ್ತನಾಗಿದ್ದೇನೆ. ಹುಬ್ಬಳ್ಳಿಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಎಷ್ಟೋ ವರ್ಷಗಳಿಂದ ಭಾನುವಾರ ಬೈಬಲಿನ ಪಾಠ ಓದುತ್ತೇನೆ, ಸಭೆಯ ಲೆಕ್ಕಪತ್ರವನ್ನೂ ನೋಡಿಕೊಳ್ಳುತ್ತೇನೆ. ನಮ್ಮ ಅಪ್ಪ 2003ರಲ್ಲಿ ತೀರಿಕೊಂಡರು. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಅಪ್ಪ ವಿಲ್ ಬರೆದಿರಲಿಲ್ಲ. ಮಕ್ಕಳು ಅಂದರೆ ನಾನು ಮತ್ತು ತಂಗಿ, ಇಬ್ಬರೇ. 2006ರಲ್ಲಿ ತಂಗಿಯಿಂದ ರಿಲೀಸ್ ಡೀಡ್‌ಗೆ (ಹಕ್ಕು ಬಿಟ್ಟುಕೊಡುವ ಪತ್ರ) ಸಹಿ ಹಾಕಿಸಿಕೊಂಡು ಹಂಚಿನ ಮನೆ, ಹಿತ್ತಲು ಸೇರಿ ಐದು ಗುಂಟೆ ಜಾಗವನ್ನು ನನ್ನ ಹೆಸರಿಗೆ ಮಾಡಿಕೊಂಡೆ. ‘ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಪಾಲು ಬರೋದಿಲ್ಲ, ಆದರೂ ಇದನ್ನ ಇಟ್ಕೊ’ ಎಂದು 40 ಸಾವಿರ ಕೊಟ್ಟೆ. ಅವಳು ಓದದೆ ಸಹಿ ಹಾಕಿದಳು. ನಾನು ಹೇಳಿದ್ದು ಸುಳ್ಳು ಅಂತ ನನಗೆ ಆಗಲೇ ಗೊತ್ತಿತ್ತು.

ಆಮೇಲೆ ಅವಳ ಗಂಡ ತೀರಿಹೋದ. ಈಗ ಬಾಡಿಗೆ ಮನೆಯಲ್ಲಿ ಹೊಲಿಗೆ ಮಾಡಿಕೊಂಡಿದ್ದಾಳೆ. ಇಬ್ಬರೂ ಒಂದೇ ಸಭೆಗೆ ಹೋಗುತ್ತೇವೆ, ಮಾತುಕತೆಯೂ ಚೆನ್ನಾಗಿಯೇ ಇದೆ. ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ ಕೂರುವುದರಿಂದ ಇಷ್ಟು ವರ್ಷ ಒಂದು ಸಂದರ್ಭ ಬಂದಿರಲಿಲ್ಲ. ಹೋದ ತಿಂಗಳು ಜನ ಜಾಸ್ತಿಯಾಗಿ ನಡುದಾರಿಯ ಆಚೆ ಅವಳು, ಈಚೆ ನಾನು. ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದಕ್ಕೆ ಮೊದಲು ಸಮಾಧಾನ ಹಂಚಿಕೊಳ್ಳುವಾಗ ಅವಳೇ ತಿರುಗಿ ನನ್ನ ಕೈ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಜಾಲಿ ತೊಗಟೆ ಹಾಗಾಗಿದೆ. ನನಗೆ ರೊಟ್ಟಿ ತೆಗೆದುಕೊಳ್ಳಲು ಮುಂದೆ ಹೋಗಲಾಗಲಿಲ್ಲ. ಎದ್ದು ಹೊರಗೆ ಬಂದೆ.

ಈಗ ಮಗ ಆ ಜಾಗವನ್ನು ಬಿಲ್ಡರ್‌ಗೆ ಕೊಟ್ಟು ಅಪಾರ್ಟ್‌ಮೆಂಟ್ ಮಾಡೋಣ ಅನ್ನುತ್ತಿದ್ದಾನೆ. ಹೆಂಡತಿ, ‘ಅವಳೇ ಸಹಿ ಹಾಕಿದಾಳೆ, ಮುಗಿದದ್ದನ್ನ ಕೆದಕಬೇಡಿ’ ಅನ್ನುತ್ತಾಳೆ. ಪ್ರಾರ್ಥನಾ ಕೂಟದ ಸ್ನೇಹಿತರೊಬ್ಬರಿಗೆ ಸೂಕ್ಷ್ಮವಾಗಿ ಹೇಳಿದಾಗ, ‘ಆಸ್ತಿ ಪಾಲಿನ ವಿಷಯಕ್ಕೆ ಯೇಸುಸ್ವಾಮಿಯೇ ತಲೆ ಹಾಕಲಿಲ್ಲ’ ಎಂದರು. ನಾನು ಪಾಠ ಓದುವುದನ್ನು ಬಿಡಲೇ? ಸಭೆಯ ಮುಂದೆ ನಿಂತು ಸಾಕ್ಷಿ ಹೇಳಲೇ? ಸಭೆಯ ಹೊಸ ಕಟ್ಟಡಕ್ಕೆ ಎರಡು ಲಕ್ಷ ಕಾಣಿಕೆ ಕೊಡಬೇಕು ಅಂತಲೂ ಯೋಚಿಸಿದ್ದೇನೆ.
ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನೀವು ನನ್ನ ತಮ್ಮನ ವಯಸ್ಸಿನವರು. ಅದಕ್ಕೆ ಸುತ್ತಿ ಬಳಸದೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡು ಲಕ್ಷದ ವಿಷಯ ಮೊದಲು ಮುಗಿಸೋಣ. ಕೊಡಬೇಡಿ. ಅದು ನಿಮ್ಮ ದುಡ್ಡಲ್ಲ. ‘ಕೊರ್ಬಾನ್’ ಎಂಬ ಮಾತನ್ನು ನೀವೇ ಎಷ್ಟೋ ಸಲ ಓದಿರುತ್ತೀರಿ, ಬೈಬಲಿನ ಮಾರ್ಕ 7ನೇ ಅಧ್ಯಾಯ. ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಇದು ದೇವರಿಗೆ ಮುಡಿಪು’ ಎಂದು ಹೇಳಿ ತಪ್ಪಿಸಿಕೊಳ್ಳುವವರ ಮೇಲೆ ಯೇಸು ಸಿಟ್ಟಾದ ಜಾಗ ಅದು. ತಂಗಿಗೆ ಸೇರಬೇಕಾದ್ದು ಸಭೆಯ ಗೋಡೆಯಾಗಿ ನಿಂತರೆ, ಅದರ ಕೆಳಗೆ ಕೂತು ಹಾಡುವುದು ನಿಮಗೆ ಇನ್ನೂ ಕಷ್ಟವಾಗುತ್ತದೆ.

ಇನ್ನು ಆ ಕೈ ಹಿಡಿದ ಗಳಿಗೆ. ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ ಭಾಗ ಅದು. ಈ ಪದ್ಧತಿ ಗೊತ್ತಿಲ್ಲದ ಓದುಗರಿಗೆ ಸ್ವಲ್ಪ ಹೇಳಬೇಕು. ದಕ್ಷಿಣ ಭಾರತದ ಹಲವು ಪ್ರೊಟೆಸ್ಟಂಟ್ ಸಭೆಗಳು ಸೇರಿ 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ ಆಯಿತು. ಮೂರು ವರ್ಷದ ಮೇಲೆ, 1950ರಲ್ಲಿ, ಕರ್ತನ ಭೋಜನಕ್ಕೆ ಹೊಸ ಆರಾಧನಾ ಕ್ರಮ ಬಂತು. ಅದರಲ್ಲಿ ಕೇರಳದ ಸುರಿಯಾನಿ ಸಭೆಗಳ ಒಂದು ಹಳೇ ರೂಢಿಯನ್ನೂ ಸೇರಿಸಿಕೊಂಡರು. ಒಬ್ಬರ ಬಲ ಅಂಗೈಗೆ ಇನ್ನೊಬ್ಬರ ಬಲ ಅಂಗೈ. ಮೇಲೆ ಎಡಗೈ ಮುಚ್ಚುವುದು. ಇದು ಕೈ ಕುಲುಕುವುದಲ್ಲ. ಗುಬ್ಬಿಮರಿಯನ್ನು ಹಿಡಿದ ಹಾಗೆ, ಇಬ್ಬರ ನಾಲ್ಕು ಕೈಯೂ ಒಂದು ಗಂಟು. ಹಾಗೆ ಪೀಠದಿಂದ ಹೊರಟ ಸಮಾಧಾನ ಕೈಯಿಂದ ಕೈಗೆ ಕೊನೇ ಬೆಂಚಿನವರೆಗೆ ಬರುತ್ತದೆ.

ಅದು ಎಲ್ಲಿ ಬರುತ್ತದೆ ನೋಡಿ. ‘ಸಹೋದರರು ಒಂದಾಗಿರುವುದು ಎಷ್ಟು ಒಳ್ಳೆಯದು’ ಎಂಬ 133ನೇ ಕೀರ್ತನೆಯ ಮಾತು ಆದಮೇಲೆ ಬರುತ್ತದೆ. ಕಾಣಿಕೆಗೆ ಮೊದಲು ಬರುತ್ತದೆ. ಸುಮ್ನೆ ಅಲ್ಲಿಟ್ಟದ್ದಲ್ಲ. ಕಾಣಿಕೆ ತಂದು ಬಲಿಪೀಠದ ಹತ್ತಿರ ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಒಂದಾಗು, ಆಮೇಲೆ ಬಾ ಎನ್ನುತ್ತದೆ ಮತ್ತಾಯ 5. ಆ ವಚನವನ್ನು ಆರಾಧನೆಯ ನಡುವೆ ಕೈಯಲ್ಲಿ ಮಾಡಿ ತೋರಿಸುವ ಜಾಗ ಅದು. ನಿಮಗೆ ನೆನಪಾದದ್ದು ಸರಿಯಾಗಿ ಅಲ್ಲಿಯೇ. ಎದ್ದು ಹೋದಿರಿ, ತಪ್ಪಿಲ್ಲ. ಆದರೆ ವಚನದಲ್ಲಿ ಇರುವವನು ಎದ್ದು ಸಹೋದರನ ಹತ್ತಿರ ಹೋದ. ನೀವು ಗಾಡಿ ನಿಲ್ಲಿಸಿದ ಕಡೆ ಹೋದಿರಿ, ಅಲ್ವಾ?

ನಮ್ಮ ಕನ್ನಡದ ‘ಸಮಾಧಾನ’ ಅನ್ನುವ ಪದ ಬಲೇ ಪದ. ಸಮಾಧಾನ ಆಗುವುದು ಬೇರೆ, ಸಮಾಧಾನ ಮಾಡುವುದು ಬೇರೆ. 2006ರಲ್ಲಿ ನೀವು 40 ಸಾವಿರ ಕೊಟ್ಟು ತಂಗಿಯನ್ನು ಸಮಾಧಾನ ಮಾಡಿದಿರಿ. ಇಷ್ಟು ವರ್ಷವಾದರೂ ನಿಮಗೆ ಸಮಾಧಾನ ಆಗಲಿಲ್ಲ.

ನಿಮ್ಮ ಸ್ನೇಹಿತರು ಹೇಳಿದ್ದು ಲೂಕ 12ರಲ್ಲಿದೆ. ಗುಂಪಿನಲ್ಲಿ ಒಬ್ಬ, ‘ಬೋಧಕನೇ, ಪಾಲು ಕೊಡು ಅಂತ ನನ್ನ ಅಣ್ಣನಿಗೆ ಹೇಳು’ ಎಂದ. ನನ್ನನ್ನು ನಿಮಗೆ ನ್ಯಾಯಾಧಿಪತಿಯಾಗಿ ಯಾರು ನೇಮಿಸಿದರು ಎಂದು ಯೇಸು ಕೇಳಿದ್ದು ನಿಜ. ಸ್ನೇಹಿತರು ಅಲ್ಲಿಗೇ ಪುಸ್ತಕ ಮುಚ್ಚಿಬಿಟ್ಟರು. ಮುಂದಿನ ಮಾತು ಲೋಭದ ಬಗ್ಗೆ ಎಚ್ಚರಿಕೆ. ಅದರ ಮುಂದಿನದು ಹಳೇ ಕಣಜ ಕೆಡವಿ ದೊಡ್ಡದು ಕಟ್ಟಿಸುತ್ತೇನೆ ಎಂದುಕೊಂಡ ಶ್ರೀಮಂತನ ಕಥೆ. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟವರ ಮನೆಯಲ್ಲಿ ಅದನ್ನು ಪೂರ್ತಿ ಓದುವುದು ಒಳ್ಳೆಯದು.

‘ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ’ ಅಂದಿರಲ್ಲ, ಅದನ್ನು ಇನ್ನೂ ನಂಬಿರುವ ಕ್ರೈಸ್ತ ಮನೆಗಳು ಎಷ್ಟೋ ಇವೆ, ಅವರಿಗಾಗಿ ಬಿಡಿಸಿ ಹೇಳುತ್ತೇನೆ. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ವಿಲ್ ಬರೆಯದೆ ಹೋದರೆ, ತಾಯಿ ಇದ್ದರೆ ಮೂರನೇ ಒಂದು ಪಾಲು ತಾಯಿಗೆ, ಉಳಿದದ್ದು ಮಕ್ಕಳಿಗೆ ಸಮಸಮ. ತಾಯಿ ಇಲ್ಲದಿದ್ದರೆ ಅಷ್ಟೂ ಮಕ್ಕಳಿಗೆ. ಗಂಡು, ಹೆಣ್ಣು ಎಂಬ ಭೇದ ಅದರಲ್ಲಿ ಇಲ್ಲ. ನಿಮ್ಮ ಐದು ಗುಂಟೆಯಲ್ಲಿ ಎರಡೂವರೆ ಗುಂಟೆ ಅಪ್ಪ ಕಣ್ಣು ಮುಚ್ಚಿದ ದಿನವೇ ನಿಮ್ಮ ತಂಗಿಯದಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು, ನಮ್ಮ ಅಜ್ಜಿಯರಿಗೆ ಅಕ್ಷರ ಕಲಿಸಿದರು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಅಕ್ಷರ ಕೊನೆಗೆ ರಿಲೀಸ್ ಡೀಡ್‌ಗೆ ಸಹಿ ಹಾಕಲು ಉಪಯೋಗಕ್ಕೆ ಬಂತು. ಆಸ್ತಿ ವಿಷಯಕ್ಕೆ ಬಂದರೆ ನಾವೂ ಓಣಿಯ ಎಲ್ಲರ ಹಾಗೆಯೇ.

ನಿಮ್ಮ ತಂಗಿ ಓದದೆ ಯಾಕೆ ಸಹಿ ಹಾಕಿದರು? ದಡ್ಡತನದಿಂದ ಅಲ್ಲ. ಪಾಲು ಕೇಳಿದರೆ ತವರು ತಪ್ಪುತ್ತದೆ ಎಂಬ ಹೆದರಿಕೆಯಿಂದ. ನನ್ನ ಸೋದರತ್ತೆಯೊಬ್ಬರು ಹೀಗೇ ಸಹಿ ಹಾಕಿದ್ದರು. ಆ ದಿನ ನಮ್ಮ ಮನೆಯಲ್ಲಿ ಅವರಿಗೆ ಹೋಳಿಗೆ ಊಟ ಹಾಕಿ ಒಂದು ಇಳಕಲ್ ಸೀರೆ ಕೊಟ್ಟು ಕಳಿಸಿದರು. ನಾನು ಸಣ್ಣವಳು, ಸೀರೆಯ ಸೆರಗು ಮುಟ್ಟಿ ಮುಟ್ಟಿ ನೋಡಿದ್ದು ನೆನಪಿದೆ. ಅತ್ತೆ ಆಮೇಲೂ ಪ್ರತಿ ಕ್ರಿಸ್ಮಸ್‌ಗೆ ಬಂದರು, ನಕ್ಕರು, ನಮಗೆ ಕರ್ಜಿಕಾಯಿ ಮಾಡಿಕೊಟ್ಟರು. ಅವರು ಹೋದಮೇಲೆ ಟ್ರಂಕ್ ತೆಗೆದರೆ ಆ ಸೀರೆ ತಳದಲ್ಲಿತ್ತು. ಮಡಿಕೆ ಮುರಿದಿರಲಿಲ್ಲ. ಅಂಗಡಿಯ ಚೀಟಿ ಹಾಗೇ ಇತ್ತು. ಮಾತುಕತೆ ಚೆನ್ನಾಗಿಯೇ ಇದೆ ಎಂದು ನೀವು ಬರೆದಿದ್ದೀರಲ್ಲ, ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಟ್ರಂಕು.

ನಿಮ್ಮ ಮನೆಯವರು ಹೇಳುವುದೂ ಒಂದು ಲೆಕ್ಕಕ್ಕೆ ಸರಿ. ಸಹಿ ಆಗಿದೆ, ರಿಜಿಸ್ಟ್ರೇಷನ್ ಆಗಿದೆ. ಇಷ್ಟು ವರ್ಷದ ಮೇಲೆ ತಂಗಿ ಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸುವುದು ಸುಲಭವಲ್ಲ. ಅಂದರೆ ನಿಮ್ಮನ್ನು ಯಾರೂ ಒತ್ತಾಯ ಮಾಡಲಾರರು. ಮಾಡಿದರೆ ನೀವಾಗಿಯೇ ಮಾಡಬೇಕು. ಮನೆಯವರ ಮೇಲೆ ರೇಗಬೇಡಿ. ಸುಳ್ಳು ಹೇಳಿದ್ದು ಅವರಲ್ಲ. ‘ನನಗೆ ಆಗಲೇ ಗೊತ್ತಿತ್ತು’ ಎಂದು ನನಗೆ ಬರೆದ ವಾಕ್ಯವನ್ನು ಅವರಿಗೆ ಹೇಳಿದ್ದೀರಾ? ನನಗೆ ಅನುಮಾನ. ಮೊದಲು ಅದನ್ನು ಹೇಳಿ.

ಈಗ ಮಾಡುವ ಕೆಲಸ. ಬಿಲ್ಡರ್ ಜೊತೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಅಡ್ವಾನ್ಸ್ ಮುಟ್ಟಬೇಡಿ. ಆಮೇಲೆ ‘ಅವನ ದುಡ್ಡು ತಗೊಂಡುಬಿಟ್ಟಿದ್ದೇವೆ, ಈಗ ಆಗಲ್ಲ’ ಎಂಬ ನೆಪ ತಾನಾಗಿ ಹುಟ್ಟಿಕೊಳ್ಳುತ್ತದೆ. ಒಬ್ಬ ವಕೀಲರನ್ನು ಕಂಡು, ಅರ್ಧ ಜಾಗವನ್ನು ತಂಗಿಯ ಹೆಸರಿಗೆ ಹೇಗೆ ಬರೆದುಕೊಡುವುದು ಎಂದು ಕೇಳಿ. ಸಾಮಾನ್ಯವಾಗಿ ಇದನ್ನು ದಾನಪತ್ರದಲ್ಲಿ ಮಾಡುತ್ತಾರೆ. ಇಬ್ಬರು ಸಾಕ್ಷಿಗಳು ಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಕಾನೂನಿನಲ್ಲಿ ಅದರ ಹೆಸರು ದಾನಪತ್ರ. ದಯವಿಟ್ಟು ತಂಗಿಯ ಮುಂದೆ ಆ ಪದ ಆಡಬೇಡಿ. ಅಪಾರ್ಟ್‌ಮೆಂಟ್ ಕಟ್ಟಿಸುವುದೇ ಆದರೆ ಒಪ್ಪಂದದಲ್ಲಿ ಅವರೂ ಮಾಲೀಕರಾಗಿ ಇರಲಿ. ಮಗನಿಗೆ ಬರುವ ಮನೆ ಕಡಿಮೆಯಾಗುತ್ತದೆ, ಹೌದು. ಅವನಿಗೆ ನಿಜ ಹೇಳಿ. ಅವನಿಗೂ ಅತ್ತೆ ಬೇಕಲ್ಲ.

ಎಷ್ಟು ಕೊಡಬೇಕು ಎಂಬುದರಲ್ಲಿ ನಿಮ್ಮ ಬ್ಯಾಂಕಿನ ಬುದ್ಧಿ ಕೆಲಸ ಮಾಡೀತು, ಅದಕ್ಕೆ ಹೇಳುತ್ತಿದ್ದೇನೆ. 2006ರ ಬೆಲೆಯಲ್ಲಿ ಅರ್ಧ ಅಲ್ಲ, ಇವತ್ತಿನ ಜಾಗದಲ್ಲಿ ಅರ್ಧ. ಆ 40 ಸಾವಿರವನ್ನು ಕಳೆಯಬೇಡಿ. ತೆರಿಗೆ ಕಟ್ಟಿದ್ದು, ಹಂಚು ಕೈಯಾಡಿಸಿದ್ದು ಎಂದು ಚೀಟಿ ಹಿಡಿದು ಹೋಗಬೇಡಿ, ಬಾಡಿಗೆ ಕೊಡದೆ ಇಷ್ಟು ವರ್ಷ ಇದ್ದೀರಿ. ಯೇಸುವನ್ನು ಕಂಡು ಬದಲಾದ ಸುಂಕದವನು ಜಕ್ಕಾಯ ಅತ್ತ ಅಂತ ಲೂಕ ಎಲ್ಲೂ ಬರೆದಿಲ್ಲ. ಎದ್ದು ನಿಂತು ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ನಿಮ್ಮನ್ನು ನಾಲ್ಕರಷ್ಟು ಕೇಳುತ್ತಿಲ್ಲ.

ಸಭೆಯ ಮುಂದೆ ಸಾಕ್ಷಿ ಬೇಡವೇ ಬೇಡ. ನೀವು ಮೈಕ್ ಹಿಡಿದು ಅತ್ತರೆ ಜನ ‘ಎಂಥ ದೊಡ್ಡ ಮನಸ್ಸು’ ಅನ್ನುತ್ತಾರೆ. ನಿಮ್ಮ ತಂಗಿ ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರಬೇಕಾಗುತ್ತದೆ. ಮೋಸ ಹೋದ ವಿಷಯ ಅವರದೂ ಹೌದು, ಊರಿಗೆ ಹೇಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ನಿಮ್ಮ ಸಭಾಪಾಲಕರಿಗೆ ಒಬ್ಬರಿಗೇ ಹೇಳಿ. ಪಾಠ ಓದುವುದನ್ನು ಒಂದೆರಡು ತಿಂಗಳು ಬೇರೆಯವರು ಮಾಡಲಿ, ಕಾಲೇಜಿಗೆ ಹೋಗುವ ಮಕ್ಕಳು ಯಾರಾದರೂ ಕಾದಿರುತ್ತಾರೆ. ಕಾರಣ ಕೇಳಿದವರಿಗೆ ಗಂಟಲು ಸರಿಯಿಲ್ಲ ಎನ್ನಬೇಡಿ, ಸುಳ್ಳು ಸಾಕು. ‘ಸ್ವಲ್ಪ ದಿನ ಬೇಡ’ ಅಂದರೆ ಆಯಿತು. ಆರಾಧನೆಗೆ ಹೋಗುವುದನ್ನು ಮಾತ್ರ ಬಿಡಬೇಡಿ. ತನ್ನನ್ನು ಪರೀಕ್ಷಿಸಿಕೊಂಡು ಆ ರೊಟ್ಟಿ ತಿನ್ನಲಿ ಎಂದು ಪೌಲ ಕೊರಿಂಥದವರಿಗೆ ಬರೆದ. ಪರೀಕ್ಷಿಸಿಕೊಂಡು ಮನೆಗೆ ಹೋಗಲಿ ಎಂದು ಬರೆಯಲಿಲ್ಲ.

ಭಾನುವಾರ ಹೋಗಬೇಡಿ, ಅಂದು ಎಲ್ಲರೂ ಇರುತ್ತಾರೆ. ವಾರದ ನಡುವೆ ಒಂದು ಮಧ್ಯಾಹ್ನ ಫೋನ್ ಮಾಡಿ ಹೋಗಿ, ಒಬ್ಬರೇ. ಹಣ್ಣು, ಸೀರೆ ಏನೂ ಬೇಡ. ‘ಅಂದು ನಾನು ನಿನಗೆ ಸುಳ್ಳು ಹೇಳಿದೆ. ಅರ್ಧ ಮನೆ ನಿಂದು. ಕಾಗದ ತಂದಿದ್ದೇನೆ.’ ಇಷ್ಟು ಹೇಳಿ ಸುಮ್ಮನಿರಿ. ‘ನನ್ನನ್ನ ಕ್ಷಮಿಸು’ ಎಂದು ಅಲ್ಲೇ ಹಿಡಿದು ಕೂರಬೇಡಿ, ಕೊಡಲು ಹೋದವರು ಮತ್ತೆ ಕೇಳಲು ಶುರು ಮಾಡಿದ ಹಾಗಾಗುತ್ತದೆ. ಅವರು ಸಿಟ್ಟಾಗಬಹುದು. ಮಷೀನ್ ತುಳಿಯುತ್ತಾ ಮುಖ ಎತ್ತದೆ ಕೂರಬಹುದು. ‘ಇರಲಿ ಬಿಡಣ್ಣ, ನನಗ್ಯಾಕೆ’ ಅನ್ನುವುದೇ ಹೆಚ್ಚು. ಆ ಮಾತು ಹಿಡಿದು ಹಗುರಾಗಿ ಎದ್ದು ಬರಬೇಡಿ, ಹೆಣ್ಣುಮಕ್ಕಳಿಗೆ ಅಭ್ಯಾಸವಾದ ಮಾತು ಅದು. ಪಡೆಯುವವರು ಒಪ್ಪದಿದ್ದರೆ ದಾನಪತ್ರ ಕಾನೂನಿನಲ್ಲೂ ನಿಲ್ಲುವುದಿಲ್ಲ. ಒಪ್ಪಿಗೆಗೆ ಅವರಿಗೆ ಬೇಕಾದಷ್ಟು ದಿನ ಕೊಡಿ, ಮತ್ತೆ ಹೋಗಿ.

ಕರಡು ಕನ್ನಡದಲ್ಲಿ ಬರೆಸಿ, ಅಕ್ಷರ ದೊಡ್ಡದಿರಲಿ. ಒಂದು ಪ್ರತಿ ಅವರ ಹತ್ತಿರವೇ ಬಿಟ್ಟು ಬನ್ನಿ. ಈ ಸಲ ಅವರು ಪೂರ್ತಿ ಓದಲಿ.