ಎರಡೇ ಪೆಗ್ ತಾನೇ ಅಂದವರು

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಇವರಿಗೆ 46 ವರ್ಷ. ಆರು ವರ್ಷದ ಹಿಂದೆ ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಹೊಟ್ಟೆಯನ್ನು ಚಿಕ್ಕದು ಮಾಡಿ ಸಣ್ಣಕರುಳಿಗೆ ಜೋಡಿಸುವ ಆಪರೇಷನ್ ಆಗಿದೆ. 128 ಕಿಲೋ ಇದ್ದವರು 84ಕ್ಕೆ ಇಳಿದಿದ್ದರು, ಶುಗರ್ ಮಾತ್ರೆಯೂ ನಿಂತಿತ್ತು. ಈಗ ತೂಕ 97, ಶುಗರ್ ಮತ್ತೆ ಏರುತ್ತಿದೆ. ಹೆಂಡತಿ ಕರೆದುಕೊಂಡು ಬಂದದ್ದು ಮಾತ್ರ ಬೇರೆ ಕಾರಣಕ್ಕೆ. "ಮೊದಲು ಯಾವಾಗಲಾದರೂ ಕುಡೀತಿದ್ದರು ಮೇಡಂ, ಈಗ ದಿನಾ ಬೇಕು. ಎರಡು ಪೆಗ್ಗಿಗೇ ಮಾತು ತೊದಲುತ್ತೆ."

"ಎರಡೇ ತಾನೇ?" ಅಂದರು ಇವರು.

ಬೈಪಾಸ್ ಆದವರಿಗೆ ಆ ಲೆಕ್ಕ ನಡೆಯುವುದಿಲ್ಲ. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲದೆ ಸಣ್ಣಕರುಳಿಗೆ ಇಳಿದುಬಿಡುತ್ತದೆ, ರಕ್ತಕ್ಕೆ ಬೇಗ ಸೇರುತ್ತದೆ, ಅಮಲೂ ಜಾಸ್ತಿ. ಕುಡಿತ ಚಟವಾಗುವ ಅಪಾಯ ಹೆಚ್ಚುವುದು ಸಾಮಾನ್ಯವಾಗಿ ಎರಡನೇ ವರ್ಷದಿಂದಾಚೆ, ಅಂದರೆ ಎಲ್ಲ ಸರಿಹೋಯಿತು ಅಂತ ಮನೆಯವರು ನಿರಾಳವಾಗಿರುವ ಹೊತ್ತಿಗೆ.

ಆಸ್ಪತ್ರೆಗೆ ಹೋಗುವುದನ್ನು ಯಾಕೆ ಬಿಟ್ಟಿರಿ ಅಂತ ಕೇಳಿದೆ. "ಹೋದ ಕೂಡಲೇ ತೂಕ ನೋಡ್ತಾರೆ. ಲಕ್ಷಗಟ್ಟಲೆ ಸುರಿದು ಮತ್ತೆ ದಪ್ಪ ಆದೆ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ?" ಅಂದರು. ಕುಡಿತದಷ್ಟೇ ಕಾಟ ಕೊಡುತ್ತಿದ್ದದ್ದು ಈ ನಾಚಿಕೆ. ಅದಕ್ಕೇ ವಿಟಮಿನ್ ಮಾತ್ರೆ ನಿಂತಿತ್ತು, ಪಾದ ಜೋಮು ಹಿಡಿಯುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ, ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಿದ್ದರು.

ನಾನು ಸ್ವೀಡನ್ನಿನ ಲೆಕ್ಕ ಹೇಳಿದೆ. ಅಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆದ ಸಕ್ಕರೆ ಕಾಯಿಲೆಯವರಲ್ಲಿ 2 ವರ್ಷಕ್ಕೆ ಶೇ. 72 ಮಂದಿಗೆ ಕಾಯಿಲೆ ಹಿಂದೆ ಸರಿದಿತ್ತು, 10 ವರ್ಷದ ಹೊತ್ತಿಗೆ ಅದು ಶೇ. 36ಕ್ಕೆ ಇಳಿದಿತ್ತು. ಆದರೂ ಆಪರೇಷನ್ ಆದವರ ಗುಂಪಿನಲ್ಲಿ ಸಾವು, ಹೃದಯಾಘಾತ ಎರಡೂ ಕಡಿಮೆ. ಸ್ವಲ್ಪ ತೂಕ ಮರಳುವುದು ತುಂಬಾ ಜನರಿಗೆ ಆಗುತ್ತದೆ. ಇದು ಇವರೊಬ್ಬರ ಸೋಲು ಹೇಗಾಗುತ್ತೆ?

ಹೇಳಿದ ಸಲಹೆ ಇಷ್ಟು. ಕುಡಿತ ಪೂರ್ತಿ ಬಿಡಬೇಕು, ಆದರೆ ದಿನಾ ಕುಡಿಯುವವರು ಮನೆಯಲ್ಲೇ ದಿಢೀರ್ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಹಾಗಾಗಿ ಮನೋವೈದ್ಯರ ಜೊತೆ ಮಾತಾಡಿಯೇ ಶುರು ಮಾಡಿ. ಬಿ12, ಕಬ್ಬಿಣ, ವಿಟಮಿನ್ ಡಿ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ ಈ ವಾರವೇ ಆಗಲಿ. ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು. ನೋವಿನ ಮಾತ್ರೆ ಸರ್ಜನ್‌ರನ್ನು ಕೇಳದೆ ಬೇಡ, ಹೊಟ್ಟೆ-ಕರುಳು ಸೇರಿಸಿ ಹೊಲಿದ ಜಾಗದಲ್ಲಿ ಹುಣ್ಣಾಗಬಹುದು. ಬಿಡದೆ ವಾಂತಿ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಬೈಪಾಸ್ ಆಗಿದೆ, ಕುಡಿತವೂ ಇದೆ ಅಂತ ಮೊದಲೇ ಹೇಳಿ. ವಾಂತಿ, ಕುಡಿತ ಎರಡರಿಂದಲೂ ವಿಟಮಿನ್ ಬಿ1 ಕಡಿಮೆಯಾಗಬಹುದು, ಅದರ ಕೊರತೆಯಾದರೆ ಮೆದುಳಿಗೇ ಪೆಟ್ಟು.

ಸಾಯಬೇಕು ಅನ್ನಿಸಿದೆಯಾ ಅಂತಲೂ ನೇರವಾಗಿಯೇ ಕೇಳಿದೆ. ಈ ಆಪರೇಷನ್ ಆದವರಲ್ಲಿ ಆ ಅಪಾಯ ಸ್ವಲ್ಪ ಹೆಚ್ಚು, ಸುಮ್ನೆ ಬಿಡುವ ಪ್ರಶ್ನೆಯಲ್ಲ. ಇಲ್ಲ ಅಂದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಇಬ್ಬರ ಫೋನಿನಲ್ಲೂ ಹಾಕಿಸಿದೆ. ಹೆಂಡತಿಗೆ ಹೇಳಿದ್ದು ಒಂದೇ: ತಟ್ಟೆಯ ಚಪಾತಿ ಎಣಿಸಬೇಡಿ.

ರಿಪೋರ್ಟಿನಲ್ಲಿ ಬಿ12 ಕಡಿಮೆ ಬಂತು. ಇಂಜೆಕ್ಷನ್ ಶುರುವಾಗಿದೆ, ಮನೋವೈದ್ಯರ ಭೇಟಿ ಗುರುವಾರ.