ಟ್ರಿಸ್ಟನ್ ಕಥೆ, ಎಂಟೇ ವಾದ್ಯಗಳಲ್ಲಿ

ಮಧ್ಯಯುಗದ ಯುರೋಪಿನ ವೀರಯೋಧರಾದ ನೈಟ್‌ಗಳ ಕಥೆಗಳನ್ನು ಆಧರಿಸಿದ ಪಾಶ್ಚಾತ್ಯ ಸಂಗೀತವೆಂದರೆ ಜರ್ಮನ್ ಸಂಗೀತ ರಚನಕಾರ ವಾಗ್ನರ್ ಅವರ ಭಾರೀ ಓಪೆರಾಗಳೇ ಎದುರಾಗುತ್ತವೆ, ಕೆಲವೇ ವಾದ್ಯಗಳಿಗೆ ಬರೆದ ಅಂತಹ ಕೃತಿ ಇದೆಯೇ ಎಂದು ನೀವು ಕೇಳಿದ್ದೀರಿ. ಸ್ವಿಸ್ ಸಂಗೀತ ರಚನಕಾರ ಫ್ರಾಂಕ್ ಮಾರ್ಟಿನ್ (1890–1974) ಅವರ ‘ಲು ವ್ಯಾನ್ ಎರ್ಬೆ’, ಅಂದರೆ ‘ಮೂಲಿಕೆ ಬೆರೆಸಿದ ದ್ರಾಕ್ಷಾರಸ’, ನಾನು ಹಿಂಜರಿಯದೆ ಸೂಚಿಸುವ ಕೃತಿ. ಹನ್ನೆರಡು ಗಾಯಕರು, ಎರಡು ವಯಲಿನ್, ಎರಡು ವಯೋಲ, ಎರಡು ಚೆಲ್ಲೊ, ಒಂದು ಡಬಲ್ ಬಾಸ್, ಒಂದು ಪಿಯಾನೊ: ಇಷ್ಟೇ ಅದರ ಮೇಳ. ಗಾಯನವಿರುವುದರಿಂದ ಇದನ್ನು ಚೇಂಬರ್ ಸಂಗೀತ, ಅಂದರೆ ಕೆಲವೇ ವಾದ್ಯಗಳ ಸಣ್ಣ ಮೇಳದ ಸಂಗೀತ, ಎನ್ನಬಾರದೆಂದು ವಾದಿಸುವವರು ಇರಬಹುದು. ಕೇಳಿದ ಮೇಲೆ ಆ ತಕರಾರು ನನಗೆ ಮುಖ್ಯವೆನಿಸಲಿಲ್ಲ.

ಜ್ಯೂರಿಚ್‌ನ ಮ್ಯಾಡ್ರಿಗಲ್ ಗಾಯಕವೃಂದದ ನಿರ್ದೇಶಕ ರಾಬರ್ಟ್ ಬ್ಲೂಮ್ ಅವರು 1938ರಲ್ಲಿ ತಮ್ಮ ಗಾಯಕರಿಗಾಗಿ ಒಂದು ಕೃತಿ ಬರೆದುಕೊಡುವಂತೆ ಕೇಳಿದಾಗ, ಮಾರ್ಟಿನ್ ಫ್ರೆಂಚ್ ವಿದ್ವಾಂಸ ಜೋಸೆಫ್ ಬೇದಿಯೇ 1900ರಲ್ಲಿ ಹಳೆಯ ಕಾವ್ಯಗಳ ತುಣುಕುಗಳಿಂದ ಪುನಾರಚಿಸಿದ್ದ ಟ್ರಿಸ್ಟನ್ ಮತ್ತು ಇಸೋಲ್ಡ್ ಕಥೆಯನ್ನು ಆರಿಸಿಕೊಂಡರು. ಮಾರ್ಕ್ ದೊರೆಯ ವಧುವಾಗಬೇಕಿದ್ದ ಇಸೋಲ್ಡ್‌ಳೂ ಅವಳನ್ನು ಕರೆತರುತ್ತಿದ್ದ ದೊರೆಯ ಸೋದರಳಿಯ ಟ್ರಿಸ್ಟನ್‌ನೂ ಪ್ರೇಮ ಹುಟ್ಟಿಸುವ ಮೂಲಿಕೆಯ ದ್ರಾಕ್ಷಾರಸವನ್ನು ತಿಳಿಯದೆ ಕುಡಿದು ಪ್ರೇಮಿಗಳಾಗುವ ಕಥೆ ಅದು. ಮೊದಲ ಭಾಗ 1940ರಲ್ಲಿ ಸ್ವತಂತ್ರ ಕೃತಿಯಾಗಿಯೇ ಪ್ರದರ್ಶನಗೊಂಡಿತು; ಅದಕ್ಕೆ ಇನ್ನೆರಡು ಭಾಗಗಳನ್ನೂ ಒಂದು ಪೀಠಿಕೆಯನ್ನೂ ಒಂದು ಉಪಸಂಹಾರವನ್ನೂ ಸೇರಿಸಿದ ಪೂರ್ಣರೂಪವನ್ನು ಜ್ಯೂರಿಚ್ 1942ರಲ್ಲಿ ಕೇಳಿತು.

ಇದೇ ಕಥೆಯನ್ನು ಆಧರಿಸಿದ ವಾಗ್ನರ್ ಅವರ ಓಪೆರಾದಲ್ಲಿ ಪ್ರೇಮಿಗಳ ಒಳತುಮುಲವೇ ಸಂಗೀತವಾಗಿ ಉಕ್ಕಿ ಹರಿಯುತ್ತದೆ. ಮಾರ್ಟಿನ್ ಅವರಲ್ಲಿ ಕಥೆ ಕಥೆಯಾಗಿಯೇ ಉಳಿಯುತ್ತದೆ. ಪ್ರೇಮ ಮತ್ತು ಮರಣದ ಒಂದು ಚೆಲುವಾದ ಕಥೆಯನ್ನು ಕೇಳುವಿರಾ ಎಂದು ಸಭಿಕರನ್ನು ವಿಚಾರಿಸುವುದರೊಂದಿಗೆ ಕೃತಿ ಆರಂಭವಾಗುತ್ತದೆ. ಬಳಿಕ ಅದೇ ಗಾಯಕರು ಒಮ್ಮೆ ನಿರೂಪಕರಾಗಿ ನಡೆದದ್ದನ್ನು ಹೇಳುತ್ತಾರೆ, ಮರುಗಳಿಗೆ ಅವರಲ್ಲೊಬ್ಬರು ಟ್ರಿಸ್ಟನ್ ಆಗಿಯೋ ಮಾರ್ಕ್ ದೊರೆಯಾಗಿಯೋ ನಾಲ್ಕು ಮಾತು ಹಾಡಿ ಮತ್ತೆ ಗುಂಪಿನೊಳಗೆ ಸೇರಿಕೊಳ್ಳುತ್ತಾರೆ. ಸಾಲುಗಳು ಫ್ರೆಂಚ್ ಮಾತಿನ ಲಯವನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಸಂಗೀತ ರಚನಕಾರ ಷೋನ್‌ಬರ್ಗ್ ಅವರ, ಹನ್ನೆರಡು ಸ್ವರಗಳಿಗೂ ಸಮಾನ ಸ್ಥಾನ ಕೊಡುವ ಪದ್ಧತಿಯಿಂದ ಮಾರ್ಟಿನ್ ಸ್ವರಮಾಲೆಗಳನ್ನು ಎರವಲು ಪಡೆದರೂ, ಕೆಳಗೆ ಪರಿಚಿತ ಸ್ವರಮೇಳಗಳ ಆಧಾರವನ್ನು ಬಿಡಲಿಲ್ಲವಾದ್ದರಿಂದ, ಕಿವಿಗೆ ನೆಲೆ ತಪ್ಪಿದಂತೆ ಅನಿಸಿದರೂ ದಿಕ್ಕು ತಪ್ಪುವುದಿಲ್ಲ.

ಕಥಾಭಾಗದ ಆಯ್ಕೆಯೂ ಗಮನಾರ್ಹ. ಮೊರ್ವಾ ಕಾಡಿನಲ್ಲಿ ನಡುವೆ ಒರೆಯಿಂದ ಹಿರಿದ ಖಡ್ಗವಿಟ್ಟುಕೊಂಡು ಮಲಗಿದ್ದ ಇಬ್ಬರನ್ನೂ ಕಂಡ ಮಾರ್ಕ್ ದೊರೆ ಅವರನ್ನು ಕೊಲ್ಲದೆ ಹಿಂದಿರುಗುವ ಪ್ರಸಂಗ ಎರಡನೆಯ ಭಾಗದಲ್ಲಿದೆ. ಪ್ರೇಮಿಗಳನ್ನು ಬೇರ್ಪಡಿಸುವುದು ದೊರೆಯ ಕೋಪವಲ್ಲ, ಅವನ ಈ ದಯೆ ಎಂಬುದನ್ನು ಸಂಗೀತ ಬಹಳ ಸಂಯಮದಿಂದ ತಿಳಿಸುತ್ತದೆ. ಮೂರನೆಯ ಭಾಗದಲ್ಲಿ ವಿಷದ ಗಾಯದಿಂದ ಸಾಯುತ್ತಿರುವ ಟ್ರಿಸ್ಟನ್ ಇಸೋಲ್ಡ್‌ಳಿಗೆ ಹೇಳಿಕಳುಹಿಸುತ್ತಾನೆ. ಅವಳು ಬರುತ್ತಿದ್ದರೆ ಹಡಗಿಗೆ ಬಿಳಿ ಹಾಯಿ, ಇಲ್ಲವಾದರೆ ಕಪ್ಪು. ಅವನ ಹೆಂಡತಿ, ಬಿಳಿಗೈಗಳ ಇನ್ನೊಬ್ಬ ಇಸೋಲ್ಡ್, ಹಾಯಿ ಕಪ್ಪಾಗಿದೆ ಎಂದು ಸುಳ್ಳು ಹೇಳುತ್ತಾಳೆ. ವಾಗ್ನರ್ ಈ ಎರಡನೆಯ ಇಸೋಲ್ಡ್‌ಳನ್ನೂ ಹಾಯಿಯ ಸುಳ್ಳನ್ನೂ ಪೂರ್ತಿ ಕೈಬಿಟ್ಟಿದ್ದರು. ನನ್ನ ಮಟ್ಟಿಗೆ ಇಡೀ ಕೃತಿಯ ಅತ್ಯಂತ ಕ್ರೂರ ಗಳಿಗೆ ಅದೇ, ಮತ್ತು ಅದಕ್ಕೆ ದೊಡ್ಡ ಆರ್ಕೆಸ್ಟ್ರಾದ ಅಗತ್ಯವೇ ಬೀಳುವುದಿಲ್ಲ.

ಸಾಲ್ಸ್‌ಬರ್ಗ್ ಉತ್ಸವದಲ್ಲಿ 1948ರಲ್ಲಿ ಫೆರೆನ್ಸ್ ಫ್ರಿಚಾಯ್ ಅವರ ನಿರ್ದೇಶನದಲ್ಲಿ ಇದು ರಂಗಕ್ಕೂ ಏರಿತು. ಆದರೆ ನೀವು ಧ್ವನಿಮುದ್ರಣದಿಂದಲೇ ಆರಂಭಿಸಿ. ಡೇನಿಯಲ್ ರೋಯ್ಸ್ ನಿರ್ದೇಶನದಲ್ಲಿ ಬರ್ಲಿನ್‌ನ ಗಾಯಕವೃಂದ ರಿಯಾಸ್ ಕಾಮರ್‌ಕೋರ್ ಹಾಡಿರುವುದು ಸ್ಪಷ್ಟವಾಗಿದೆ. ಇಡೀ ಕೃತಿ ಒಂದೂವರೆ ಗಂಟೆಗೂ ಮೀರುವುದರಿಂದ, ಮೊದಲ ದಿನ ಪೀಠಿಕೆ ಮತ್ತು ಮೊದಲ ಭಾಗವನ್ನಷ್ಟೇ, ಪಠ್ಯದ ಅನುವಾದವನ್ನು ಎದುರಿಗಿಟ್ಟುಕೊಂಡು ಕೇಳುವುದು ಒಳ್ಳೆಯದು.