ಟನ್ನಿಗೆ 1,300 ರೂಪಾಯಿ ಬಾಡಿಗೆ ಕಟ್ಟುತ್ತದೆಯೇ?

ಪ್ರಶ್ನೆ: ನನ್ನದು ಹತ್ತು ಚಕ್ರದ ಒಂದೇ ಲಾರಿ, ಅದೂ ಸಾಲದ್ದು. ಪಣಂಬೂರು ಬಂದರಿನಿಂದ ಬೆಂಗಳೂರಿಗೆ ಗೊಬ್ಬರದ ಚೀಲ ಒಯ್ಯುತ್ತೇನೆ. ಬುಕಿಂಗ್ ಏಜೆಂಟರು ಟನ್ನಿಗೆ 1,300 ಎನ್ನುತ್ತಾರೆ, ಒಪ್ಪದಿದ್ದರೆ ಸರತಿಯಲ್ಲಿ ನನ್ನ ಹಿಂದಿರುವ ಲಾರಿಗೆ ಕೊಡುತ್ತಾರೆ. ತಿಂಗಳಿಡೀ ಓಡಿಸಿದರೂ ಕೈಯಲ್ಲಿ ಏನೂ ನಿಲ್ಲುತ್ತಿಲ್ಲ. ಎಷ್ಟು ಕೇಳಬೇಕು?
– ಲಾರಿ ಮಾಲೀಕ, ಬೈಕಂಪಾಡಿ

ಉತ್ತರ: ಲಾರಿ ಒಂದು ದಿನ ಸುಮ್ಮನೆ ನಿಂತರೆ ಎಷ್ಟು ತಿನ್ನುತ್ತದೆ? ಮೊದಲು ಆ ಲೆಕ್ಕ ಹಾಕಿ. ಸಾಲದ ಕಂತು 45,000, ಡ್ರೈವರ್ ಸಂಬಳ 20,000, ವಿಮೆ, ತೆರಿಗೆ, ಪರ್ಮಿಟ್, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಸೇರಿ ತಿಂಗಳಿಗೆ 10,000 ಎಂದಿಟ್ಟುಕೊಳ್ಳೋಣ. ಒಟ್ಟು 75,000. ಇದನ್ನು 30ರಿಂದ ಭಾಗಿಸಬೇಡಿ. ರಿಪೇರಿ, ಹಬ್ಬ ಕಳೆದರೆ ಲಾರಿ ದುಡಿಯುವುದು 25 ದಿನ. ಅಂದರೆ ದಿನಕ್ಕೆ 3,000. ಬಂದರಿನ ಗೇಟಿನಲ್ಲಿ ಸರತಿಯಲ್ಲಿ ನಿಂತ ದಿನಕ್ಕೂ ಇದೇ 3,000.

ಇನ್ನು ಓಟದ ಖರ್ಚು. ಬೆಂಗಳೂರು ಸುಮಾರು 350 ಕಿ.ಮೀ. ಲೋಡ್ ಹೊತ್ತು ಶಿರಾಡಿ ಘಾಟಿ ಏರುವ ಲಾರಿ ಲೀಟರಿಗೆ 3.5 ಕಿ.ಮೀ. ಕೊಟ್ಟರೆ ಹೋಗಲು 100 ಲೀಟರ್, ಖಾಲಿ ಬರಲು 5 ಕಿ.ಮೀ.ನಂತೆ 70 ಲೀಟರ್. ಲೀಟರಿಗೆ 90 ರೂ. ಹಿಡಿದರೆ 15,300. ಹೊಸ ಬಿಎಸ್-6 ಎಂಜಿನ್ ಆದರೆ ಹೊಗೆ ಶುದ್ಧಮಾಡುವ ಆಡ್‌ಬ್ಲೂ ದ್ರವದ ಖರ್ಚು ಬೇರೆ. ಟಯರನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಪೆಟ್ಟು ಬೀಳುವುದು ಅಲ್ಲೇ. ಹತ್ತು ಟಯರಿಗೆ 2 ಲಕ್ಷ, ಬಾಳಿಕೆ 60,000 ಕಿ.ಮೀ. ಎಂದರೆ ಹೋಗಿಬರುವ 700 ಕಿ.ಮೀ.ಗೆ 2,300 ಸವೆದುಹೋಗುತ್ತದೆ. ಆಯಿಲ್, ಗ್ರೀಸ್, ಬ್ರೇಕ್ ಲೈನಿಂಗ್ 2,100, ಟೋಲ್ 3,000 (ನಿಮ್ಮ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ನೋಡಿ ಸರಿಪಡಿಸಿಕೊಳ್ಳಿ), ಡ್ರೈವರ್ ಬಾಟಾ (ದಿನಭತ್ಯೆ) ಮತ್ತು ದಾರಿಖರ್ಚು 2,500. ಒಟ್ಟು 25,200. ಟ್ರಿಪ್ಪಿಗೆ ಮೂರು ದಿನದ 9,000 ಸೇರಿಸಿದರೆ 34,200. ಲಾರಿ ಹೊರುವ 18 ಟನ್ನಿಗೆ ಹಂಚಿದರೆ ಟನ್ನಿಗೆ 1,900. ನಿಮ್ಮ ದುಡಿಮೆಯ ಕೂಲಿ ಇದರಲ್ಲಿಲ್ಲ.

1,300ರಂತೆ ಸಿಗುವುದು 23,400. ಖಾಲಿ ಬಂದರೆ ಓಟದ ಖರ್ಚೂ ಹುಟ್ಟುವುದಿಲ್ಲ! ಹಾಗಾಗಿ ಇಲ್ಲಿ ಲೋಡ್ ಮಾಡುವ ಮೊದಲೇ ಬೆಂಗಳೂರಿಗೆ ಫೋನ್ ಮಾಡಿ ವಾಪಸ್ ಲೋಡ್ ಗೊತ್ತುಮಾಡಿಕೊಳ್ಳಿ. ಕಮಿಷನ್ ಕಳೆದು 14,000 ಸಿಕ್ಕಿತೆನ್ನಿ. ತುಂಬಿದ ಲಾರಿ ಘಾಟಿ ಇಳಿದು ಬರಲು ಖಾಲಿ ಲಾರಿಗಿಂತ 1,575 ರೂ. ಡೀಸೆಲ್ ಹೆಚ್ಚು ಬೇಕು. ಅದೇ ದಿನ ಲೋಡಾದರೆ 1,625 ಉಳಿಯುತ್ತದೆ, ಒಂದು ದಿನ ಕಾದರೆ 1,375 ನಷ್ಟ, ಎರಡು ದಿನವಾದರೆ 4,375 ನಷ್ಟ. ಕಾಯಬೇಕಾಗುವ ಟ್ರಿಪ್ಪಿಗೆ 1,500 ಕೇಳಿ, 1,400ಕ್ಕಿಂತ ಇಳಿಯಬೇಡಿ. ಹಿಂದಿನ ಲಾರಿ ಹೋಗುವುದಾದರೆ ಹೋಗಲಿ. ನಷ್ಟದ ಟ್ರಿಪ್ಪಿಗೆ ಓಡುವುದಕ್ಕಿಂತ ಒಂದು ದಿನ ನಿಲ್ಲುವುದು ಎಷ್ಟೋ ಸಲ ಅಗ್ಗ. ಜೊತೆಗೆ, 15 ಟನ್ನೇ ತುಂಬಿಸಿದರೂ 18ರ ಬಾಡಿಗೆ ಎಂದು ಮೊದಲೇ ಮಾತಾಡಿಕೊಳ್ಳಿ.

ಕಡಿಮೆ ದರ ತುಂಬಿಕೊಳ್ಳಲು 22 ಟನ್ ಹೇರಬೇಡಿ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವುದಕ್ಕಿಂತ 4 ಟನ್ ಹೆಚ್ಚಾದರೆ ದಂಡ 20,000, ಮೇಲೆ ಟನ್ನಿಗೆ 2,000ದಂತೆ 8,000. ಹೆಚ್ಚಿನ ಮಾಲನ್ನು ನಿಮ್ಮ ಖರ್ಚಿನಲ್ಲೇ ಇಳಿಸಬೇಕು.

ಪ್ರಶ್ನೆ: ಶಿರಾಡಿಯಲ್ಲಿ ಗುಡ್ಡ ಕುಸಿದು ಎರಡು ದಿನ ನಿಂತೆ. ಪಾರ್ಟಿಯವರು (ಮಾಲಿನವರು) ಹಾಲ್ಟಿಂಗ್, ಅಂದರೆ ನಿಂತ ದಿನದ ಹಣ, ಕೊಡಲಿಲ್ಲ. ಕೇಳುವ ಹಕ್ಕಿದೆಯೇ?
– ಓದುಗರು, ಉಡುಪಿ

ಉತ್ತರ: ಮೊದಲೇ ಮಾತಾಗಿರದಿದ್ದರೆ ಆಮೇಲೆ ಕೇಳಿ ಪಡೆಯುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೋಡಿಂಗ್‌ಗೆ ಮುಂಚೆ ವಾಟ್ಸಾಪ್‌ನಲ್ಲಿ ಎರಡು ಸಾಲು ಹಾಕಿ: ಇಳಿಸುವ ಜಾಗ ತಲುಪಿ 24 ಗಂಟೆಯ ನಂತರ ದಿನಕ್ಕೆ ಪೂರ್ತಿ ಹಾಲ್ಟಿಂಗ್, ಘಾಟಿ ಬಂದಾಗಿ ನಿಂತರೆ ಅರ್ಧ. ಅವರಿಂದ ‘ಸರಿ’ ಎಂಬ ಉತ್ತರ ಬಂದ ಮೇಲೆಯೇ ಟಾರ್ಪಾಲು ಬಿಚ್ಚಿ. ಬಳಸಿ ಹೋಗಬೇಕಾದರೆ ಹೆಚ್ಚುವರಿ ಕಿ.ಮೀ.ಗೆ ದರವನ್ನೂ ಬರೆಯಿರಿ. ಆದರೆ ಬಳಸುದಾರಿಯ ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ, ಜೋರು ಮಳೆಗೆ ಸಂಪಾಜೆ ಘಾಟಿಯಲ್ಲೂ ತಡೆಯುವುದುಂಟು.

ನಿಂತಲ್ಲಿ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಆನ್‌ಲೈನ್ ಪತ್ರ) ಅವಧಿ ನೋಡಿಕೊಳ್ಳಿ. 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಬೆಂಗಳೂರಿಗೆ ಎರಡೇ ದಿನ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆಯೊಳಗೆ ವಿಸ್ತರಿಸಬಹುದು. ಶಿರಾಡಿಯ ಬುಡದ ಗುಂಡ್ಯದಲ್ಲಿ ಲಾರಿಗಳ ಸಾಲು ಕಂಡ ಕೂಡಲೇ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ, ಮುಂದೆ ಹೋದರೆ ಸಿಗ್ನಲ್ ಸಿಗುವ ಭರವಸೆಯಿಲ್ಲ.